ಕೈಯಲ್ಲಿ ತಿರುಗಿಸಿ ಓಡಿಸಿದ ಸಬ್‌ಮರೀನ್

ಕೇಳುಗರೇ, ನಮಸ್ಕಾರ.

ಯುದ್ಧದಲ್ಲಿ ಶತ್ರುವಿನ ಹಡಗನ್ನು ಮೊಟ್ಟಮೊದಲು ಮುಳುಗಿಸಿದ ಸಬ್‌ಮರೀನ್‌ಗೆ ಎಂಜಿನ್ನೇ ಇರಲಿಲ್ಲ ಅಂದರೆ ನಂಬುತ್ತೀರಾ? ಅದರ ಹೆಸರು ಹನ್ಲಿ. ಅಮೆರಿಕದ ಅಂತರ್ಯುದ್ಧದ ಕಾಲ. ಉತ್ತರದವರ ಹಡಗುಗಳು ದಕ್ಷಿಣದ ಚಾರ್ಲ್‌ಸ್ಟನ್ ಬಂದರಿಗೆ ಮುತ್ತಿಗೆ ಹಾಕಿದ್ದವು. ಅದನ್ನು ಮುರಿಯಲು 1863ರಲ್ಲಿ ಮೊಬೈಲ್ ಊರಿನಲ್ಲಿ ಈ ಕಬ್ಬಿಣದ ಕೊಳವೆ ಕಟ್ಟಿ, ರೈಲಿನಲ್ಲಿ ತಂದರು.

ಉದ್ದ ಸುಮಾರು 12 ಮೀಟರ್. ಒಳಗೆ ನೆಟ್ಟಗೆ ನಿಲ್ಲೋಕೂ ಆಗದು. ಏಳು ಜನ ಸಾಲಾಗಿ ಕೂತು ಉದ್ದದ ಕಬ್ಬಿಣದ ಹಿಡಿಕೆ ತಿರುಗಿಸಬೇಕು, ಆಗ ಹಿಂದಿನ ಪ್ರೊಪೆಲರ್ ಸುತ್ತುತ್ತದೆ. ಮುಂದೆ ಕೂತ ನಾಯಕ ಚುಕ್ಕಾಣಿ ಹಿಡಿಯುತ್ತಾನೆ. ಬೆಳಕಿಗೆ ಒಂದು ಮೇಣದಬತ್ತಿ. ಅದು ಮಂಕಾದರೆ ಒಳಗಿನ ಗಾಳಿ ಕೆಡುತ್ತಿದೆ ಎಂದರ್ಥ.

ಆಗಸ್ಟ್‌ನಲ್ಲಿ ಬಾಗಿಲು ತೆರೆದಿದ್ದಾಗಲೇ ನೀರು ನುಗ್ಗಿ ಐವರು ಸತ್ತರು. ಅಕ್ಟೋಬರ್‌ನಲ್ಲಿ ಮೂತಿ ಕೆಸರಿಗೆ ಹೂತು ಎಂಟೂ ಜನ ಹೋದರು. ಅವರಲ್ಲಿ ಇದಕ್ಕೆ ಹಣ ಹಾಕಿದ ಹೊರೇಸ್ ಹನ್ಲಿಯೂ ಇದ್ದ. ಎರಡು ಸಲವೂ ಮೇಲೆತ್ತಿ, ಹೆಣ ತೆಗೆದು, ತೊಳೆದರು. ಮತ್ತೆ ಜನ ಹತ್ತಿದರು! ಈ ಧೈರ್ಯಕ್ಕೆ ಏನನ್ನೋಣ?

1864ರ ಫೆಬ್ರವರಿ 17, ರಾತ್ರಿ. ಉತ್ತರದವರ ಹೌಸಟಾನಿಕ್ ಹಡಗಿನ ಕಾವಲಿನವರಿಗೆ ನೀರಲ್ಲಿ ಮರದ ದಿಮ್ಮಿಯಂಥದ್ದು ಕಂಡಿತು. ಅಷ್ಟು ಹತ್ತಿರಕ್ಕೆ ಬಂದಮೇಲೆ ಫಿರಂಗಿಯ ಮೂತಿಯನ್ನು ಅಷ್ಟು ಕೆಳಗೆ ಬಾಗಿಸೋಕಾಗಲಿಲ್ಲ, ಸುಮ್ನೆ ಬಂದೂಕು ಹಾರಿಸಿದರು. ಹನ್ಲಿಯ ನಾಯಕ ಲೆಫ್ಟಿನೆಂಟ್ ಜಾರ್ಜ್ ಡಿಕ್ಸನ್ ಅದರ ಮೂತಿಯ ಕೋಲಿಗೆ ಕಟ್ಟಿದ್ದ ಸುಮಾರು 60 ಕಿಲೋ ಸಿಡಿಮದ್ದನ್ನು ಹಡಗಿಗೆ ತಾಗಿಸಿದ. ಐದೇ ನಿಮಿಷದಲ್ಲಿ ಹಡಗು ಮುಳುಗಿತು. ನೀರು ಆಳವಿರಲಿಲ್ಲ, ಜನ ಪಟಸ್ತಂಭದ ಹಗ್ಗ ಹತ್ತಿ ಕೂತರು. ಸತ್ತವರು ಐವರು. ಹನ್ಲಿಯ ಎಂಟೂ ಜನ ವಾಪಸ್ ಬರಲೇ ಇಲ್ಲ. ಹೀಗೆ ಶತ್ರುಗಳಿಗಿಂತ ಸ್ವಂತದವರನ್ನೇ ಜಾಸ್ತಿ ಕೊಂದ ದೋಣಿ ಇದು: ಐವರಿಗೆ ಇಪ್ಪತ್ತೊಂದು.

2000ರಲ್ಲಿ ಅದನ್ನು ಮೇಲೆತ್ತಿದರು. ಮದ್ದನ್ನು ಹಡಗಿಗೆ ಸಿಕ್ಕಿಸಿ, ದೂರ ಸರಿದು, ಹಗ್ಗ ಎಳೆದು ಸಿಡಿಸಿದರು ಅಂತ ಬಹುಕಾಲ ನಂಬಿದ್ದರು. ಆದರೆ ಕೋಲಿನ ತುದಿಗೆ ಮೆತ್ತಿದ್ದ ಗಟ್ಟಿ ಪದರ ಕೆರೆದಾಗ ಮದ್ದಿನ ಡಬ್ಬಿಯ ತಾಮ್ರದ ಚೂರು ಅಲ್ಲೇ ಅಂಟಿಕೊಂಡಿತ್ತು. ಅಂದರೆ ಸಿಡಿದಾಗ ಮದ್ದು ಇನ್ನೂ ಕೋಲಿನ ತುದಿಯಲ್ಲೇ ಇತ್ತು, ಹನ್ಲಿ ಐದಾರು ಮೀಟರ್ ದೂರದಲ್ಲಿತ್ತು ಅಷ್ಟೇ. ಎಲುಬುಗಳೂ ಅವರವರ ಜಾಗದಲ್ಲೇ ಸಿಕ್ಕವು. ಗಾಳಿ ಮುಗಿದು ಸತ್ತರು ಅನ್ನುವವರಿದ್ದಾರೆ. ನನಗಂತೂ ಸ್ಫೋಟದ ಹೊಡೆತವೇ ಕಾರಣ ಅನಿಸುತ್ತದೆ. ಉಸಿರು ಕಟ್ಟುತ್ತಿದ್ದರೆ ಒಬ್ಬರಾದರೂ ಬಾಗಿಲ ಕಡೆ ನುಗ್ಗದೆ ಇರುತ್ತಿದ್ದರಾ?