ತವರಿಗೂ ಬಸ್ಸಿಲ್ಲದ ದಿನಗಳು

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಅಂಕಿ ಹೇಳಿಬಿಡುತ್ತೇನೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಹೆಂಗಸರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ದೇಶದ ಸರಾಸರಿ ಶೇ 29. ರಾಜ್ಯಗಳ ಪೈಕಿ ನಮ್ಮದೇ ಮೊದಲು. ಇದನ್ನು ಕೇಳಿದವರೆಲ್ಲ "ಕೊರೊನಾ ಟೈಮ್ ಅಲ್ವಾ, ಅದಕ್ಕೇ ಇರಬೇಕು" ಅನ್ನುತ್ತಾರೆ. ಅಲ್ಲ. ನಮ್ಮ ರಾಜ್ಯದಲ್ಲಿ ಆ ಸಮೀಕ್ಷೆ ನಡೆದದ್ದು 2019ರಲ್ಲಿ. ಕೊರೊನಾ ಬರುವ ಮೊದಲೇ ಹೊಡೆತ ಇತ್ತು.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು. ಮಾರ್ಚ್ 23ರಿಂದ ಏಪ್ರಿಲ್ 16ರವರೆಗೆ ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಬಂದ ಕೌಟುಂಬಿಕ ಹಿಂಸೆಯ ದೂರುಗಳು 239. ಅದಕ್ಕೆ ಹಿಂದಿನ 25 ದಿನಗಳಲ್ಲಿ 123. ಹೆಚ್ಚುಕಡಿಮೆ ಎರಡು ಪಟ್ಟು ಅಂತ ಪತ್ರಿಕೆಗಳು ಬರೆದವು. ನನಗೆ ಆಶ್ಚರ್ಯವಾಗಿದ್ದು ಬೇರೆ ವಿಷಯಕ್ಕೆ. ಇಷ್ಟು ದೊಡ್ಡ ದೇಶದಲ್ಲಿ, ಅಷ್ಟೂ ದಿನ ಸೇರಿ ಬರೀ 239! ಬಹಳ ಹೆಂಗಸರು ಆಯೋಗಕ್ಕೆ ಅಂಚೆಯಲ್ಲಿ ಬರೆಯುತ್ತಿದ್ದರು, ಅಂಚೆಯೇ ಸರಿಯಾಗಿ ನಡೆಯುತ್ತಿರಲಿಲ್ಲ. ವಾಟ್ಸ್‌ಆ್ಯಪ್ ನಂಬರ್ ಕೊಟ್ಟಿದ್ದು ಏಪ್ರಿಲ್ 10ಕ್ಕೆ. ಹಾಗಾಗಿ ಆ ಲೆಕ್ಕ ಹೊಡೆತ ತಿಂದವರದಲ್ಲ, ಫೋನು ಕೈಗೆ ಸಿಕ್ಕವರದು.

ಮಾಮೂಲಿ ದಿನಗಳಲ್ಲೂ ದೂರು ಕೊಡುವವರು ಕಡಿಮೆ. ಅದೇ ಸಮೀಕ್ಷೆ ಹೇಳುವಂತೆ, ಹಿಂಸೆಗೆ ಒಳಗಾದವರಲ್ಲಿ ಸಹಾಯ ಕೇಳಿದವರು ದೇಶದಲ್ಲಿ ಶೇ 14 ಮಾತ್ರ. ಆ ಕೆಲವರೂ ಹೆಚ್ಚಾಗಿ ಕೇಳುವುದು ಹೆತ್ತವರನ್ನು, ಒಡಹುಟ್ಟಿದವರನ್ನು. ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುವವರು ತೀರಾ ಕಡಿಮೆ. ಅಂದರೆ ನಮ್ಮಲ್ಲಿ ಅತಿ ದೊಡ್ಡ ಸಹಾಯ ಕೇಂದ್ರ ಯಾವುದು? ತವರುಮನೆ. ಜಗಳ ಕೈಮೀರಿದರೆ ಮಕ್ಕಳನ್ನು ಕಟ್ಟಿಕೊಂಡು ಬಸ್ಸು ಹತ್ತಿ ಹೋಗಿ ನಾಲ್ಕು ದಿನ ಇದ್ದು ಬರುವುದು. ಅಣ್ಣನೋ ಸೋದರಮಾವನೋ ಬಂದು ಗಂಡನಿಗೆ ಬುದ್ಧಿ ಹೇಳುವುದು. ಅದು ನ್ಯಾಯ ಅಂತ ನಾನು ಹೇಳುವುದಿಲ್ಲ. "ಹೊಂದ್ಕೊಂಡು ಹೋಗವ್ವ" ಅಂತ ವಾಪಸ್ ಕಳಿಸುವ ತವರೇ ಜಾಸ್ತಿ. ಆದರೂ ಉಸಿರಾಡಲು ಜಾಗ ಸಿಗುತ್ತಿತ್ತು. ಬಸ್ಸು ನಿಂತ ದಿನ ಅದೂ ಹೋಯಿತು.

ಸರ್ಕಾರದ ಏರ್ಪಾಡುಗಳು ಇದ್ದವು. ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112, ನೊಂದ ಹೆಂಗಸರ ನೆರವಿಗೆ ತಾಲ್ಲೂಕುಗಳಲ್ಲಿ ಸಾಂತ್ವನ ಕೇಂದ್ರ, ಜಿಲ್ಲೆಯಲ್ಲಿ ಸಖಿ ಕೇಂದ್ರ. ಆದರೆ ಸಖಿ ಕೇಂದ್ರ ಹಲವು ಕಡೆ ಇರುವುದು ಆಸ್ಪತ್ರೆಯ ಆವರಣದಲ್ಲಿ. ಆಗ ಅದೇ ಕೋವಿಡ್ ಆಸ್ಪತ್ರೆ. ಕಾಯಿಲೆಯ ಹೆದರಿಕೆಯಲ್ಲಿ ಅಲ್ಲಿಗೆ ಮಗು ಎತ್ತಿಕೊಂಡು ಯಾರು ಹೋಗುತ್ತಾರೆ?

ಇನ್ನು ಫೋನು. ಮನೆಗೆ ಒಂದೇ ಸ್ಮಾರ್ಟ್‌ಫೋನು, ಅದು ಮಗನ ಆನ್‌ಲೈನ್ ಕ್ಲಾಸಿಗೆ. ಸಂಜೆ ಗಂಡನ ಕೈಗೆ. ಅವಳಿಗೆ ಸಿಗುವುದು ನೀರು ಹಿಡಿಯಲು ಹೋದಾಗಿನ ಐದು ನಿಮಿಷ. ಸಹಾಯವಾಣಿಗೆ ಮಾತಾಡಿದಳು ಅಂತಲೇ ಇಟ್ಟುಕೊಳ್ಳಿ. ನಂಬರ್ ಅಳಿಸಲು ಮರೆತರೆ? ಆ ಕಡೆಯವರು ವಾಪಸ್ ಮಾಡಿದಾಗ ಗಂಡನೇ ಎತ್ತಿದರೆ? ಅದಕ್ಕೇ ವಾಪಸ್ ಫೋನ್ ಮಾಡುವ ಆಪ್ತಸಮಾಲೋಚಕಿಗೆ ಮೊದಲು ಕಲಿಸಬೇಕಾದದ್ದು ಕಾನೂನಿನ ಕಲಂ ಅಲ್ಲ. ಗಂಡಸಿನ ದನಿ ಕೇಳಿದ ತಕ್ಷಣ "ಗ್ಯಾಸ್ ಬುಕ್ ಆಗಿದೆಯಾ ಸರ್?" ಅಂತ ಕೇಳಿ ಇಡುವುದು.

ಬೇರೆ ಕಡೆ ಇದಕ್ಕೆ ಉಪಾಯ ಹುಡುಕಿದರು. ಸ್ಪೇನಿನ ಕ್ಯಾನರಿ ದ್ವೀಪಗಳಲ್ಲಿ ಔಷಧಿ ಅಂಗಡಿಗೆ ಹೋಗಿ "ಮಾಸ್ಕ್ 19 ಬೇಕು" ಅಂದರೆ ಸಾಕು, ಅಂಗಡಿಯವರು ಸಹಾಯಕ್ಕೆ ಕರೆ ಮಾಡುತ್ತಿದ್ದರು. ಜಮ್ಮು ಕಾಶ್ಮೀರದ ಹೈಕೋರ್ಟ್ ಕೂಡ 2020ರ ಏಪ್ರಿಲ್‌ನಲ್ಲಿ ಕಿರಾಣಿ ಅಂಗಡಿ, ಔಷಧಿ ಅಂಗಡಿಗಳಲ್ಲಿ ಹೆಂಗಸರು ಗುಟ್ಟಾಗಿ ವಿಷಯ ತಿಳಿಸಲು ಜಾಗ ಮಾಡಿ ಎಂದಿತು. ಹೆಂಗಸು ಮನೆಯಲ್ಲಿ ನೆಪ ಹೇಳಿ ಹೋಗಬಹುದಾದ ಜಾಗಕ್ಕೆ ಸಹಾಯವೇ ಹೋಗಬೇಕು. ನಮ್ಮಲ್ಲಿ ಅಂಥದ್ದು ನ್ಯಾಯಬೆಲೆ ಅಂಗಡಿ, ಅಂಗನವಾಡಿ. ಆಶಾ ಕಾರ್ಯಕರ್ತೆಯರಂತೂ ಆ ದಿನಗಳಲ್ಲಿ ಮನೆಮನೆಗೆ ಹೋಗಿ ಜ್ವರ ಇದೆಯಾ, ಕೆಮ್ಮು ಇದೆಯಾ ಅಂತ ಕೇಳುತ್ತಿದ್ದರು. ಹಾಗಂತ ಗಂಡನ ಎದುರೇ "ಹೊಡೀತಾನಾ?" ಅಂತ ಕೇಳಲಾಗದು. ಕೇಳಿದರೆ ಇವರು ಹೋದ ಮೇಲೆ ಅವಳಿಗೆ ಇನ್ನೆರಡು ಬೀಳುತ್ತವೆ.

ಪುಣೆಯ ಜಿಲ್ಲಾ ಪರಿಷತ್ತು ಮಾಡಿದ ಘೋಷಣೆ ನನಗೆ ಬಹಳ ಹಿಡಿಸಿತು. ಹಳ್ಳಿಗಳಲ್ಲಿ ಹೆಂಡತಿಗೆ ಹೊಡೆಯುವ ಗಂಡನನ್ನು ಕ್ವಾರಂಟೈನ್ ಕೇಂದ್ರಕ್ಕೆ ಹಾಕುತ್ತೇವೆ ಅಂದರು. ಸುಮ್ನೆ ನಗಬೇಡಿ. ನಾವು ಯಾವಾಗಲೂ ಅವಳನ್ನು ಎಲ್ಲಿ ಇಡೋಣ ಅಂತಲೇ ಯೋಚಿಸುತ್ತೇವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 19ನೇ ಕಲಂನಲ್ಲಿ ಗಂಡನನ್ನೇ ಮನೆಯಿಂದ ಹೊರಗೆ ಹಾಕುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ. 23ನೇ ಕಲಂ ಪ್ರಕಾರ, ತುರ್ತಿದ್ದರೆ ಅವನು ಬರುವ ತನಕ ಕಾಯದೆ ಮಧ್ಯಂತರ ಆದೇಶವನ್ನೂ ಕೊಡಬಹುದು. ಕೋರ್ಟುಗಳು ತುರ್ತು ಪ್ರಕರಣ ಮಾತ್ರ ಕೇಳುತ್ತಿದ್ದ ದಿನಗಳಲ್ಲಿ ಇದಕ್ಕಿಂತ ತುರ್ತು ಇನ್ನೇನಿತ್ತು?

ಕೊನೆಗೆ, ಇಲ್ಲಿ ಕೂತಿರುವ ಆಶಾ, ಅಂಗನವಾಡಿ ಅಕ್ಕಂದಿರಿಗೆ ಒಂದು ಮಾತು. ಈ ಕಾಯಿದೆಯಲ್ಲಿ ಹೊಡೆತ ತಿಂದವಳೇ ಬರಬೇಕು ಅಂತಿಲ್ಲ. ಹಿಂಸೆ ನಡೆದಿದೆ, ನಡೆಯುತ್ತಿದೆ ಅಂತ ಗೊತ್ತಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ, 4ನೇ ಕಲಂ ಹಾಗೇ ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಆ ಅಧಿಕಾರಿ ನಿಮ್ಮ ತಾಲ್ಲೂಕಿನ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅವರ ಕಚೇರಿಗೆ ನೀವು ಮೀಟಿಂಗಿಗೆ ಹೋಗುತ್ತಲೇ ಇರುತ್ತೀರಿ.