ಪೋಷಕರ ಸಭೆಗೆ ಅಜ್ಜಿ ಬಂದಾಗ

[ದೃಶ್ಯ: ಬೆಳಗಿನ ಹೊತ್ತು, ಮನೆ ಮುಂದಿನ ಕಟ್ಟೆ. ಸುಕ್ಕುಗಟ್ಟಿದ ಎರಡು ಕೈ, ಎಣ್ಣೆ ಬಟ್ಟಲು, ಹುಡುಗಿಯ ಅರ್ಧ ಹೆಣೆದ ಜಡೆ. ಯಾರ ಮುಖವೂ ಕಾಣಬಾರದು. ಮ್ಯೂಸಿಕ್ ಬೇಡ, ಕೋಳಿ ಕೂಗು ಸಾಕು.]

ಈ ಜಡೆ ಹಾಕ್ತಿರೋ ಕೈ ಯಾರದು ಅಂತ ಶಾಲೆ ರಿಜಿಸ್ಟರ್‌ನಲ್ಲಿ ಹುಡುಕಿದ್ರೆ ಸಿಗಲ್ಲ. ಅಲ್ಲಿ ತಂದೆ ಹೆಸರಿದೆ, ತಾಯಿ ಹೆಸರಿದೆ, ಒಂದು ಮೊಬೈಲ್ ನಂಬರ್ ಇದೆ. ಆ ನಂಬರ್ ಈಗ ಬೆಂಗಳೂರಿನ ಯಾವುದೋ ಕಟ್ಟಡದ ಏಳನೇ ಮಹಡಿಯಲ್ಲಿ ರಿಂಗ್ ಆಗ್ತಿದೆ.

[ನಿರೂಪಕಿ ಕ್ಯಾಮೆರಾ ಮುಂದೆ]

ನಮಸ್ಕಾರ. ಇವತ್ತಿನ ವಿಷಯ, ಅಪ್ಪ ಅಮ್ಮನ ಜಾಗದಲ್ಲಿ ನಿಂತು ಮಕ್ಕಳನ್ನ ಸಾಕೋ ಅಜ್ಜಿ, ತಾತ, ಅತ್ತೆ, ಚಿಕ್ಕಮ್ಮ, ಸೋದರಮಾವ. ಇವರನ್ನ ಅಂಗನವಾಡಿ, ಶಾಲೆ, ಪಂಚಾಯಿತಿ, ಸ್ವಸಹಾಯ ಸಂಘಗಳು ಹೇಗೆ ಜೊತೆಗೆ ಕರ್ಕೊಬಹುದು, ಯಾವ ಸಹಾಯ ನಿಜವಾಗಿ ಸಿಗುತ್ತೆ, ಎಲ್ಲಿ ಸಿಕ್ಕಿಹಾಕ್ಕೊಳ್ಳುತ್ತೆ ಅನ್ನೋದನ್ನ ನೋಡೋಣ.

ಒಂದು ಊರು ಅಂದ್ಕೊಳ್ಳಿ. ರಾಯಚೂರು ಜಿಲ್ಲೆ, ದೇವದುರ್ಗದ ಕಡೆ. ಸುಗ್ಗಿ ಮುಗೀತಿದ್ದ ಹಾಗೆ ಅರ್ಧ ಊರು ಗುಳೆ ಹೋಗುತ್ತೆ. ಮೈಸೂರು ಮಂಗಳೂರು ಕಡೆಯವರಿಗೆ ಈ ಪದ ಹೊಸದಿರಬಹುದು. ಗುಳೆ ಅಂದ್ರೆ ಕೂಲಿ ಹುಡ್ಕೊಂಡು ಗಂಟುಮೂಟೆ ಕಟ್ಟಿ ಊರು ಬಿಡೋದು. ಬೆಂಗಳೂರು, ಪುಣೆ, ಮುಂಬೈ, ಗೋವಾ, ಎಲ್ಲಿ ಕೆಲಸ ಇದೆಯೋ ಅಲ್ಲಿಗೆ. ವಾಪಸ್ ಬರೋದು ಮುಂಗಾರು ಬಿತ್ತನೆ ಹೊತ್ತಿಗೆ. ಕೆಲವರು ಮಕ್ಕಳನ್ನ ಜೊತೆಗೇ ಕರ್ಕೊಂಡು ಹೋಗ್ತಾರೆ, ಶಾಲೆ ತಪ್ಪುತ್ತೆ. ಕೆಲವರು ಊರಲ್ಲಿ ಅಜ್ಜಿ ಹತ್ರ ಬಿಟ್ಟು ಹೋಗ್ತಾರೆ.

ಆ ಹೊತ್ತಲ್ಲೇ ಶಾಲೆಯವರು ಪೋಷಕರ ಸಭೆ ಕರೀತಾರೆ. ಬೆಳಿಗ್ಗೆ ಹನ್ನೊಂದಕ್ಕೆ. ಅಜ್ಜಿ ಬರ್ತಾಳೆ, ಹಿಂದಿನ ಸಾಲಿನಲ್ಲಿ ಕೂರ್ತಾಳೆ.

[ಧ್ವನಿ ಮಾತ್ರ: ಮೇಷ್ಟ್ರು, ಅಜ್ಜಿ]

ಮೇಷ್ಟ್ರು: ಯಾಕಮ್ಮ, ಹುಡುಗಿ ತಾಯಿ ಬರಲಿಲ್ವಾ?
ಅಜ್ಜಿ: ಆಕಿ ಬೆಂಗಳೂರಿಗೆ ದುಡ್ಯಾಕ ಹೋಗ್ಯಾಳ್ರಿ ಸರ. ನಾ ಅದೀನಲ್ರಿ.
ಮೇಷ್ಟ್ರು: ಸರಿ, ಅವಳು ಬಂದಾಗ ಕಳಿಸು.

[ನಿರೂಪಕಿ]

"ಅವಳು ಬಂದಾಗ ಕಳಿಸು." ಮೇಷ್ಟ್ರು ಕೆಟ್ಟವರಲ್ಲ. ಅವರ ಫಾರಂನಲ್ಲಿ ಅಜ್ಜಿಗೆ ಕಾಲಂ ಇಲ್ಲ, ಅಷ್ಟೇ. ಆದ್ರೆ ಮುಂದಿನ ಸಭೆಗೆ ಅಜ್ಜಿ ಬರಲ್ಲ. ಆಮೇಲೆ ವರದಿಯಲ್ಲಿ ಏನು ಬರೀತೀವಿ? "ಪೋಷಕರಲ್ಲಿ ಜಾಗೃತಿಯ ಕೊರತೆ." ಈ ಒಂದು ವಾಕ್ಯವನ್ನ ಕರ್ನಾಟಕದ ಕಚೇರಿಗಳಿಂದ ಒಂದು ವರ್ಷ ರಜೆ ಮೇಲೆ ಕಳಿಸಬೇಕು ಅಂತ ನನಗೆ ತುಂಬಾ ದಿನದಿಂದ ಆಸೆ.

ಹಾಗಾದ್ರೆ ಎಲ್ಲಿಂದ ಶುರು ಮಾಡೋದು? ಪ್ರಶ್ನೆ ಬದಲಾಯಿಸೋದ್ರಿಂದ. ಮಗು ಸೇರಿಸಿಕೊಳ್ಳುವಾಗ "ತಂದೆ ಹೆಸರೇನು" ಜೊತೆಗೆ ಇನ್ನೊಂದು ಕೇಳಿ: "ಬೆಳಿಗ್ಗೆ ಇವಳಿಗೆ ತಲೆ ಬಾಚೋದು ಯಾರು? ರಾತ್ರಿ ಜ್ವರ ಬಂದ್ರೆ ಎದ್ದು ಕೂರೋದು ಯಾರು?" ಆ ಹೆಸರು ಬರ್ಕೊಳ್ಳಿ. ಯಾವ ಆದೇಶವೂ ಬೇಡ, ಒಂದು ನೋಟ್‌ಬುಕ್ ಸಾಕು. ಅಂಗನವಾಡಿ ಕಾರ್ಯಕರ್ತೆಗೆ ಇದು ಬಾಯಿಪಾಠ ಇರುತ್ತೆ. ಯಾವ ಮನೆಯಲ್ಲಿ ಯಾರು ಯಾರನ್ನ ಸಾಕ್ತಿದ್ದಾರೆ ಅಂತ ಅವಳನ್ನ ಕೇಳಿದ್ರೆ ಹತ್ತು ನಿಮಿಷದಲ್ಲಿ ಹೇಳ್ತಾಳೆ. ಕೇಳೋರು ಬೇಕು.

[ಪರದೆ ಮೇಲೆ: 1975, ಅಕ್ಟೋಬರ್ 2. ದೇಶದಲ್ಲಿ 33 ಐಸಿಡಿಎಸ್ (ಅಂಗನವಾಡಿ ನಡೆಸೋ ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಪ್ರಾಜೆಕ್ಟ್. ಅವುಗಳಲ್ಲಿ ನಮ್ಮದೊಂದು: ಟಿ. ನರಸೀಪುರ]

ಅಂಗನವಾಡಿ ಹುಟ್ಟಿ 50 ವರ್ಷ ದಾಟಿತು. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಪ್ರತಿ ಅಂಗನವಾಡಿಗೂ ಊರಿನವರದ್ದೇ ಒಂದು ಬಾಲವಿಕಾಸ ಸಮಿತಿ ಇರಬೇಕು. ತಾಯಂದಿರ ಸಭೆ ಅನ್ನೋದೂ ಇದೆ. ಹೆಸರು ನೋಡಿ, ತಾಯಂದಿರ ಸಭೆ. ಅಲ್ಲಿ ಅಜ್ಜಿಯರನ್ನ ಕೂರಿಸಿದ್ರೆ ಯಾರೂ ಎಬ್ಬಿಸಲ್ಲ. ಆದ್ರೆ "ನೀವೂ ಬನ್ನಿ" ಅಂತ ಮನೆ ಬಾಗಿಲಿಗೆ ಹೋಗಿ ಕರೆಯೋದು ಬೇರೆ, ಬಂದ್ರೆ ಬರಲಿ ಅನ್ನೋದು ಬೇರೆ. ಮದುವೆ ಕಾಗದ ಕೊಡೋ ಹಾಗೆ ಕರೀಬೇಕು ನಮ್ಮ ಕಡೆ. ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಹಾಕಿದ್ರೆ ಅಜ್ಜಿಗೆ ಕರೆದ ಹಾಗೆ ಆಗಲ್ಲ.

ಹೊತ್ತಿನ ವಿಷಯಕ್ಕೆ ಬರ್ತೀನಿ. ಹನ್ನೊಂದು ಗಂಟೆ ಅಂದ್ರೆ ಅಜ್ಜಿ ಹೊಲದಲ್ಲಿರ್ತಾಳೆ, ಇಲ್ಲಾ ಕುರಿ ಹಿಂದೆ. ಸಂಜೆ ದೀಪ ಹಚ್ಚೋಕೆ ಮುಂಚೆ, ಗುಡಿ ಕಟ್ಟೆ ಮೇಲೆ ಸಭೆ ಇಡಿ. ತಾತಂದಿರು ಹೇಗೂ ಅಲ್ಲೇ ಕೂತಿರ್ತಾರೆ, ಎಬ್ಬಿಸೋ ಕಷ್ಟವೂ ಇಲ್ಲ. ಇನ್ನು ಅಪ್ಪ ಅಮ್ಮನ ಸಭೆ? ಅದನ್ನ ಊರ ಜಾತ್ರೆಯ ಮಾರನೇ ದಿನ ಇಡಿ. ಯುಗಾದಿಗೋ ಜಾತ್ರೆಗೋ ಗುಳೆ ಹೋದವರು ಒಂದು ಸಲ ಊರಿಗೆ ಬಂದೇ ಬರ್ತಾರೆ. ಶಿಕ್ಷಣ ಇಲಾಖೆ ಕ್ಯಾಲೆಂಡರ್ ಒಂದು ಕಡೆ ಇರಲಿ, ಊರಿಗೂ ಒಂದು ಕ್ಯಾಲೆಂಡರ್ ಇದೆ.

[ದೃಶ್ಯ: ಅಂಗನವಾಡಿ ಗೋಡೆ. ಸೊಪ್ಪು, ಮೊಟ್ಟೆ, ಕಾಳಿನ ಚಿತ್ರಪಟ]

ಸರಿ, ಅಜ್ಜಿ ಬಂದಳು. ಈಗ ಏನು ಹೇಳ್ತೀರಿ? ಇಲ್ಲೇ ಎಡವೋದು. "ಅಜ್ಜಿ, ನೀವು ಮಾಡ್ತಿರೋದು ತಪ್ಪು. ಮಗು ಹುಟ್ಟಿದಾಗ ಜೇನುತುಪ್ಪ ನೆಕ್ಕಿಸಬಾರದು." ಮಾತು ನಿಜವೇ. ಮೊದಲ ಆರು ತಿಂಗಳು ಎದೆಹಾಲು ಬಿಟ್ಟು ಏನೂ ಬೇಡ, ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಅಪಾಯ. ಆದ್ರೆ ಆರು ಹೆತ್ತು ಸಾಕಿದವಳಿಗೆ ಇಪ್ಪತ್ತೆರಡರ ಹುಡುಗಿ ಬಂದು ಎಲ್ಲರ ಮುಂದೆ ಹೀಗಂದ್ರೆ ಅಜ್ಜಿ ತಲೆ ಆಡಿಸ್ತಾಳೆ, ಮನೆಗೆ ಹೋಗಿ ತನಗೆ ತೋಚಿದ್ದೇ ಮಾಡ್ತಾಳೆ. ನಾನಾದ್ರೂ ಅದನ್ನೇ ಮಾಡ್ತಿದ್ದೆ.

ಇದಕ್ಕೆ ಒಂದು ಒಳ್ಳೆ ಪಾಠ ದೂರದ ಸೆನೆಗಲ್‌ನಿಂದ ಬಂದಿದೆ. ಪಶ್ಚಿಮ ಆಫ್ರಿಕಾ. ಜೂಡಿ ಔಬೆಲ್ ಅನ್ನೋ ಸಂಶೋಧಕಿ ಮತ್ತು ಜೊತೆಗಾರರು ಅಲ್ಲಿನ ಹಳ್ಳಿಗಳಲ್ಲಿ ತಾಯಿ-ಮಗುವಿನ ಆಹಾರದ ಬಗ್ಗೆ ಕೆಲಸ ಮಾಡಿ, 2004ರಲ್ಲಿ ಪ್ರಕಟಿಸಿದರು. ಕೆಲವು ಹಳ್ಳಿಗಳಲ್ಲಿ ಚಿಕ್ಕ ವಯಸ್ಸಿನ ತಾಯಂದಿರಿಗಷ್ಟೇ ತಿಳಿವಳಿಕೆ. ಇನ್ನು ಕೆಲವು ಕಡೆ ಅಜ್ಜಿಯರನ್ನೂ ಕೂರಿಸಿಕೊಂಡರು. ಭಾಷಣ ಇಲ್ಲ. ಹಾಡು, ಕಥೆ, ಮಾತುಕತೆ. ಮೊದಲು ಅಜ್ಜಿಯರಿಗೆ ಗೊತ್ತಿರೋದನ್ನ ಮೆಚ್ಚಿದರು, ಆಮೇಲೆ ಹೊಸದನ್ನ ಅವರ ಮುಂದಿಟ್ಟು "ನೀವೇನಂತೀರಿ" ಅಂತ ಕೇಳಿದರು. ಅಜ್ಜಿಯರು ಸೇರಿದ ಹಳ್ಳಿಗಳಲ್ಲೇ ಹೆಚ್ಚು ಬದಲಾವಣೆ ಆಯ್ತು, ಸೊಸೆಯರ ಅಭ್ಯಾಸವೂ ಸೇರಿ.

ನಮ್ಮಲ್ಲಿ ಇದಕ್ಕೆ ಬಂಡವಾಳ ಕಮ್ಮಿನಾ? ಜೋಗುಳ, ಒಗಟು, ಬೀಸೋಕಲ್ಲಿನ ಪದ. 2024ರಲ್ಲಿ ಕೇಂದ್ರ ಸರ್ಕಾರ "ನವಚೇತನ" ಅಂತ ಮೂರು ವರ್ಷದೊಳಗಿನ ಮಕ್ಕಳಿಗೆ ಒಂದು ಮಾರ್ಗಸೂಚಿ ತಂತು. ತಿರುಳು ಇಷ್ಟೇ: ಮಗುವಿನ ಜೊತೆ ಮಾತಾಡಿ, ಹಾಡಿ, ಆಡಿ, ಆಗ ಮೆದುಳು ಬೆಳೆಯುತ್ತೆ. "ಆನೆ ಬಂತೊಂದಾನೆ" ಅಂತ ಮೊಣಕಾಲ ಮೇಲೆ ಕೂರಿಸಿ ತೂಗೋ ಅಜ್ಜಿಗೆ, ಅವಳು ಮಾಡ್ತಿರೋದೂ ಅದೇ ಅಂತ ಒಬ್ಬರಾದ್ರೂ ಹೇಳಿದ್ದಾರಾ? ಅದನ್ನ ಹೇಳಿದ ಮೇಲೆ ಜೇನುತುಪ್ಪದ ಮಾತು ತೆಗೀರಿ. ಕೇಳ್ತಾಳೆ.

[ದೃಶ್ಯ: ಬಸ್ಸಿನೊಳಗೆ ಕಿಟಕಿ ಪಕ್ಕ ಕೂತ ಅಜ್ಜಿ, ಮಡಿಲಲ್ಲಿ ಪ್ಲಾಸ್ಟಿಕ್ ಕವರ್, ಕವರ್ ತುಂಬ ಕಾಗದ]

ಈಗ ದುಡ್ಡು ಮತ್ತು ಕಾಗದ. ಇದು ಸ್ವಲ್ಪ ಗೋಜಲು.

ತಂದೆ ತಾಯಿ ಇಲ್ಲದ ಮಗುವನ್ನ ಸಂಬಂಧಿಕರು ಸಾಕ್ತಿದ್ರೆ, ಬಡತನ ಇದ್ರೆ, ಸರ್ಕಾರದ "ಪ್ರಾಯೋಜಕತ್ವ" ಅನ್ನೋ ಸಹಾಯ ಇದೆ. ಬಾಲ ನ್ಯಾಯ ಕಾಯ್ದೆ 2015ರಲ್ಲೇ ಇದಕ್ಕೆ ಜಾಗ ಇದೆ. ಮಕ್ಕಳ ರಕ್ಷಣೆಗೆ ಇರೋ ಕೇಂದ್ರ ಯೋಜನೆ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿ ಪ್ರಕಾರ ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಮನೆ ಆದಾಯ ಹಳ್ಳಿಯಲ್ಲಿ ವರ್ಷಕ್ಕೆ 72,000, ಬೇರೆ ಕಡೆ 96,000 ಮೀರಬಾರದು. ತಾಯಿ ವಿಧವೆ ಆಗಿದ್ರೆ, ಅಪ್ಪ ಅಮ್ಮನಿಗೆ ಜೀವಕ್ಕೇ ಕುತ್ತು ತರೋ ಕಾಯಿಲೆ ಇದ್ರೆ, ಅಂಥ ಮಕ್ಕಳೂ ಸೇರ್ತಾರೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಆಮೇಲೆ ಮನೆ ಭೇಟಿ, ಜಿಲ್ಲಾ ಮಟ್ಟದ ಸಮಿತಿ.

ಕೋವಿಡ್ ಹೊತ್ತಲ್ಲಿ ಇದನ್ನ ನಾವೆಲ್ಲ ಕಣ್ಣಾರೆ ನೋಡಿದ್ವಿ. 2021ರಲ್ಲಿ ರಾಜ್ಯ ಸರ್ಕಾರ ಬಾಲ ಸೇವಾ ಯೋಜನೆ ತಂದು, ಕೋವಿಡ್‌ನಿಂದ ಅನಾಥರಾದ ಮಕ್ಕಳನ್ನ ನೋಡ್ಕೊಳ್ಳೋ ಪಾಲಕರಿಗೆ ತಿಂಗಳಿಗೆ 3,500 ರೂಪಾಯಿ ಅಂತು. ಕೇಂದ್ರದ ಪಿಎಂ ಕೇರ್ಸ್ ಯೋಜನೆಯಲ್ಲಿ ಆ ಮಕ್ಕಳಿಗೆ 23 ವರ್ಷ ತುಂಬಿದಾಗ 10 ಲಕ್ಷ. ಅಂದ್ರೆ ಚಿಕ್ಕಪ್ಪ, ಅಜ್ಜಿ ಇವರನ್ನ ಗುರುತಿಸೋದು ಸರ್ಕಾರಕ್ಕೆ ಆಗದ ಕೆಲಸ ಅಲ್ಲ. ಮನಸ್ಸು ಬಂದಾಗ ವಾರಗಳಲ್ಲಿ ಆಗುತ್ತೆ.

ಆದ್ರೆ ನಮ್ಮ ದೇವದುರ್ಗದ ಹುಡುಗಿಗೆ ಇದ್ಯಾವುದೂ ಸಿಗಲ್ಲ. ಯಾಕಂದ್ರೆ ಅವಳ ಅಪ್ಪ ಅಮ್ಮ ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಬಡತನಕ್ಕೆ ದುಡಿಯೋಕೆ ಹೋಗಿದ್ದಾರೆ ಅಷ್ಟೇ. ಅಜ್ಜಿ ಕೈಗೆ ಬರೋದು ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200, ಅದೂ 65 ದಾಟಿದ್ರೆ. ಅದರ ಮೇಲೆ ಮಗ ಫೋನ್‌ಪೇ ಮಾಡಿದ್ದು, ಆ ಫೋನ್ ಪಕ್ಕದ ಮನೆ ಹುಡುಗನದ್ದು.

ವಿದ್ಯಾರ್ಥಿವೇತನದ ಅರ್ಜಿ ಹಾಕೋಕೆ ಹೋದ್ರೆ ತಂದೆ ತಾಯಿ ಆಧಾರ್ ಕೇಳ್ತಾರೆ. ಜಾತಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಶಕ್ತಿ ಯೋಜನೆ ಬಂದ ಮೇಲೆ ತಾಲೂಕಿಗೆ ಹೋಗೋ ಬಸ್ ಚಾರ್ಜ್ ಉಳೀತು, ಒಪ್ತೀನಿ. ಆದ್ರೆ ಆ ದಿನದ ಕೂಲಿ ಹೋಯ್ತು. "ಸರ್ವರ್ ಇಲ್ಲ, ನಾಳೆ ಬಾ" ಅಂದ್ರೆ ಎರಡು ದಿನದ್ದು. ಕಾನೂನುಬದ್ಧ ಪಾಲಕಿ ಅನ್ನಿಸಿಕೊಳ್ಳಬೇಕು ಅಂದ್ರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಹಿಡ್ಕೊಂಡು ಕೋರ್ಟಿಗೆ ಹೋಗಬೇಕು. ಮೊಮ್ಮಗಳಿಗೆ ಅನ್ನ ಹಾಕೋಕೆ ಯಾವ ಅಜ್ಜಿ ಕೋರ್ಟಿಗೆ ಹೋಗ್ತಾಳೆ?

ಸಮುದಾಯದ ಸಂಘಟನೆಗಳು ಅತಿ ಹೆಚ್ಚು ಉಪಯೋಗಕ್ಕೆ ಬರೋದು ನನ್ನ ಲೆಕ್ಕದಲ್ಲಿ ಇಲ್ಲೇ. ಗುಳೆ ಹೊರಡೋಕೆ ಮುಂಚಿನ ವಾರ ಪಂಚಾಯಿತಿಯಲ್ಲಿ ಒಂದು ದಿನ ಕೂರಿ. ಹೊರಡೋರ ಆಧಾರ್ ಜೆರಾಕ್ಸ್ ಎರಡೆರಡು ಪ್ರತಿ, ಪ್ರಮಾಣಪತ್ರದ ಅರ್ಜಿ, ಮಗುವಿನ ಬ್ಯಾಂಕ್ ಪಾಸ್‌ಬುಕ್, ಲಸಿಕೆ ಬರೆದಿರೋ ತಾಯಿ ಕಾರ್ಡ್, ಎಲ್ಲ ಅಜ್ಜಿ ಮನೆಯ ಟ್ರಂಕಿನಲ್ಲಿ ಇದೆಯಾ ನೋಡಿ. ತಾಯಿ ಕಾರ್ಡ್ ತಾಯಿಯ ಬ್ಯಾಗಲ್ಲೇ ಬೆಂಗಳೂರಿಗೆ ಹೋಗಿಬಿಡುತ್ತೆ. ಆಮೇಲೆ ಮಗುವಿಗೆ ಯಾವ ಸೂಜಿ ಬಾಕಿ ಅಂತ ಆಶಾ ಕಾರ್ಯಕರ್ತೆಯೂ ರಿಜಿಸ್ಟರ್ ತಿರುವಿ ಹಾಕಬೇಕಾಗುತ್ತೆ.

[ದೃಶ್ಯ: ಗ್ರಾಮ ಪಂಚಾಯಿತಿ ಕಟ್ಟಡದ ಪಕ್ಕ, ಗೋಡೆ ತುಂಬ ಬಣ್ಣದ ಚಿತ್ರ ಬಿಡಿಸಿದ ಕೂಸಿನ ಮನೆ]

ಇನ್ನೊಂದು, ಕೂಸಿನ ಮನೆ. 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಅಂತ ಘೋಷಣೆಯಾಗಿ ಶುರುವಾಗಿದ್ದು. ಉದ್ಯೋಗ ಖಾತ್ರಿ ಕೂಲಿಗೆ ಹೋಗೋ ಹೆಣ್ಣುಮಕ್ಕಳ ಕೂಸುಗಳನ್ನ ಹಗಲು ನೋಡ್ಕೊಳ್ಳೋ ಜಾಗ. ಊರಿನ ಹೆಂಗಸರಿಗೇ ತರಬೇತಿ ಕೊಟ್ಟು ನಡೆಸ್ತಾರೆ. ಎಲ್ಲರೂ ಇದನ್ನ ತಾಯಂದಿರಿಗೆ ಅಂತಲೇ ನೋಡ್ತಾರೆ. ನನ್ನ ಕಣ್ಣಿಗೆ ಇದು ಅಜ್ಜಿಗೆ ಸಿಗೋ ನಾಲ್ಕು ತಾಸಿನ ಬಿಡುವು. ಎಷ್ಟೋ ಕಡೆ ಅಜ್ಜಿಯೇ ಕೂಲಿಗೆ ಹೋಗೋಳು, ಕೂಸನ್ನ ಸೊಂಟಕ್ಕೆ ಕಟ್ಕೊಂಡು ಹೋಗ್ತಾಳೆ. ಅವಳಿಗೆ ಬಿಪಿ ಇದೆ, ಕಣ್ಣಿಗೆ ಪೊರೆ ಬಂದಿದೆ, ಮೊಣಕಾಲು ಮಡಚಲ್ಲ. ಮಗುವಿನ ತೂಕ ನೋಡೋಕೆ ಅಂಗನವಾಡಿಗೆ ಬಂದ ದಿನ ಅಜ್ಜಿಯ ಬಿಪಿಯನ್ನೂ ನೋಡಿ. ಮುಂದಿನ ತಿಂಗಳು ಕರೆಯದೇ ಬರ್ತಾಳೆ.

ಹಾಗಂತ ಅಪ್ಪ ಅಮ್ಮನನ್ನ ಬಿಟ್ಟುಬಿಡೋದಲ್ಲ. ಕಟ್ಟಡದ ಕೆಲಸ ಮುಗಿದು ರಾತ್ರಿ ಎಂಟಕ್ಕೆ ಫೋನ್ ಹಿಡಿಯೋ ತಾಯಿಗೆ ಟೀಚರ್ ಕಳಿಸಿದ ಒಂದು ನಿಮಿಷದ ವಾಯ್ಸ್ ಮೆಸೇಜ್ ಸಾಕು. "ಇವತ್ತು ನಿಮ್ಮ ಮಗಳು ಪದ್ಯ ಹೇಳಿದಳು, ಕೇಳಿ." ಬರೆದು ಕಳಿಸಬೇಡಿ, ಓದೋಕೆ ಬರದವರಿಗೆ ಅದೂ ಒಂದು ಅವಮಾನ. ಮತ್ತೆ ದೂರು ಹೇಳೋಕೆ ಮಾತ್ರ ಫೋನ್ ಮಾಡಬೇಡಿ. ಅಷ್ಟು ದೂರದಲ್ಲಿ ಕೂತವಳು ಅದನ್ನ ಕೇಳಿ ಏನು ಮಾಡಬೇಕು, ಅತ್ತೆಗೆ ಫೋನ್ ಮಾಡಿ ಜಗಳ ಆಡೋದು ಬಿಟ್ಟು?

[ಪರದೆ ಮೇಲೆ, ಕೊನೆತನಕ ಇರಲಿ: ಮಕ್ಕಳ ಸಹಾಯವಾಣಿ 1098]

ನಿಮ್ಮ ಮನೆಯಲ್ಲೋ ಪಕ್ಕದ ಬೀದಿಯಲ್ಲೋ ತಂದೆ ತಾಯಿ ಇಲ್ಲದ ಮಗುವನ್ನ ಯಾರಾದ್ರೂ ಸಾಕ್ತಿದ್ರೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗುವಾಗ ಇವಿಷ್ಟು ಕೈಯಲ್ಲಿರಲಿ: ಮಗುವಿನ ಮತ್ತು ಸಾಕ್ತಿರೋರ ಆಧಾರ್, ತಂದೆ ತಾಯಿಯ ಮರಣ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್. ಘಟಕ ಎಲ್ಲಿದೆ ಗೊತ್ತಾಗದಿದ್ರೆ ಅಂಗನವಾಡಿಯಲ್ಲೇ ಕೇಳಿ, ಇಲ್ಲಾ 1098ಕ್ಕೆ ಫೋನ್ ಮಾಡಿ. ಅಜ್ಜಿಯನ್ನ ಒಬ್ಬಳನ್ನೇ ಕಳಿಸಬೇಡಿ. ಬೆಳಿಗ್ಗೆ ಬಸ್ಸಿಗೆ ನೀವೂ ಹತ್ತಿ.

[ದೃಶ್ಯ: ಮೊದಲಿನ ಕಟ್ಟೆ. ಜಡೆ ಮುಗಿದು ರಿಬ್ಬನ್ ಕಟ್ಟಿದೆ. ಹುಡುಗಿ ಬ್ಯಾಗ್ ಹಾಕ್ಕೊಂಡು ಓಡ್ತಾಳೆ. ಅಜ್ಜಿ ಎಣ್ಣೆ ಕೈಯನ್ನ ತನ್ನ ತಲೆಗೇ ಒರೆಸಿಕೊಂಡು ಒಳಗೆ ಹೋಗ್ತಾಳೆ.]