ಆರು ವೋಟಿನ ಗೆಲುವು: ಬ್ರಿಟನ್‌ನಲ್ಲಿರುವ ಕನ್ನಡಿಗರೇ, ವೋಟರ್ ಲಿಸ್ಟ್‌ನಲ್ಲಿ ನಿಮ್ಮ ಹೆಸರು ಇದೆಯಾ?

(ತೆರೆಯ ಮೇಲೆ ಎರಡು ಅಂಕಿ: 12,645 ಮತ್ತು 12,639)

ಎಲ್ಲರಿಗೂ ನಮಸ್ಕಾರ. ಈ ಎರಡು ಅಂಕಿ ನೋಡಿ. ವ್ಯತ್ಯಾಸ ಬರೀ ಆರು. 2025ರ ಮೇ 1ರಂದು ಇಂಗ್ಲೆಂಡಿನ ರನ್‌ಕಾರ್ನ್ ಆ್ಯಂಡ್ ಹೆಲ್ಸ್‌ಬಿ ಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಮರು ಎಣಿಕೆ ಮುಗಿದಾಗ ರಿಫಾರ್ಮ್ ಯುಕೆ ಪಕ್ಷದ ಸಾರಾ ಪೋಚಿನ್ ಗೆದ್ದಿದ್ದರು, ಲೇಬರ್ ಪಕ್ಷದ ಕ್ಯಾರೆನ್ ಶೋರ್ ಸೋತಿದ್ದರು. ಆರೇ ಆರು ವೋಟಿನಿಂದ. ಒಂದು ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂತರೆ ಅಷ್ಟು ಜನ ಇರುತ್ತಾರೆ, ಅಲ್ವಾ?

ಅದಕ್ಕಿಂತ ಹತ್ತು ತಿಂಗಳ ಹಿಂದೆ ಇದೇ ಕ್ಷೇತ್ರದಲ್ಲಿ ಲೇಬರ್ ಪಕ್ಷದ ಮೈಕ್ ಏಮ್ಸ್‌ಬರಿ 14,696 ವೋಟಿನ ಲೀಡ್‌ನಲ್ಲಿ ಗೆದ್ದಿದ್ದರು. ಆಮೇಲೆ ಏನಾಯಿತು? 2024ರ ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಫ್ರಾಡ್‌ಶಮ್ ಊರಿನ ಬೀದಿಯಲ್ಲಿ ಅವರು ಒಬ್ಬ ವ್ಯಕ್ತಿಗೆ ಗುದ್ದಿದರು. ಸಿಸಿಟಿವಿಯಲ್ಲಿ ಎಲ್ಲ ಸೆರೆಯಾಯಿತು. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರು. ಹತ್ತು ವಾರ ಜೈಲು ಶಿಕ್ಷೆ ಆಯಿತು, ಮೇಲ್ಮನವಿಯಲ್ಲಿ ಅದನ್ನು ಅಮಾನತಿನಲ್ಲಿ ಇಟ್ಟರು, ಅಂದರೆ ಮತ್ತೆ ತಪ್ಪು ಮಾಡದಿದ್ದರೆ ಜೈಲಿನಲ್ಲಿ ಇರಬೇಕಿಲ್ಲ. ಕೊನೆಗೆ ಸಂಸದ ಸ್ಥಾನ ಬಿಟ್ಟು ಹೋದರು.

ಬಿಡದೆ ಇದ್ದಿದ್ದರೆ? ಜನರೇ ತೆಗೆಯಬಹುದಿತ್ತು. ಇವತ್ತು ನಾನು ಹೇಳಬೇಕೆಂದಿರುವುದು ಇದನ್ನೇ.

(ತೆರೆಯ ಮೇಲೆ: 2015ರ ರೀಕಾಲ್ ಕಾನೂನು)

2009ರಲ್ಲಿ ಬ್ರಿಟನ್‌ನಲ್ಲಿ ದೊಡ್ಡ ಗಲಾಟೆ ಆಯಿತು. ಸಂಸದರು ತಮ್ಮ ಮನೆ ಖರ್ಚನ್ನು ಜನರ ತೆರಿಗೆ ದುಡ್ಡಿನ ಲೆಕ್ಕಕ್ಕೆ ಹಾಕಿದ್ದು ಪತ್ರಿಕೆಯಲ್ಲಿ ದಿನಾ ಬರತೊಡಗಿತು. ಒಬ್ಬರಂತೂ ಕೊಳದಲ್ಲಿ ಬಾತುಕೋಳಿಗೆ ಇಡುವ ಗೂಡಿಗೂ ಬಿಲ್ ಕಳಿಸಿದ್ದರು. ಕೆಲವರು ಜೈಲಿಗೆ ಹೋದರು. ಆ ಸಿಟ್ಟಿನಿಂದಲೇ 2015ರಲ್ಲಿ ಈ ಕಾನೂನು ಬಂತು. ಸಂಸದರಿಗೆ ಜೈಲು ಶಿಕ್ಷೆಯಾದರೆ, ಅದು ಅಮಾನತಿನಲ್ಲಿದ್ದರೂ ಸರಿ, ಅಥವಾ ಸದನದಿಂದ ಹತ್ತು ಕಲಾಪದ ದಿನ ಅಮಾನತಾದರೆ, ಆ ಕ್ಷೇತ್ರದಲ್ಲಿ ಒಂದು ಅರ್ಜಿ ತೆರೆಯುತ್ತಾರೆ. ಆರು ವಾರದೊಳಗೆ ಶೇ. 10ರಷ್ಟು ಮತದಾರರು ಸಹಿ ಹಾಕಿದರೆ ಸೀಟು ಖಾಲಿ, ಮತ್ತೆ ಚುನಾವಣೆ. ನಮ್ಮ ದೇಶದಲ್ಲಿ ಎಂಪಿ, ಎಂಎಲ್‌ಎಗಳನ್ನು ಹೀಗೆ ವಾಪಸ್ ಕರೆಸಿಕೊಳ್ಳುವ ದಾರಿ ಇಲ್ಲ. ಅದಕ್ಕೇ ನನಗೆ ಈ ಕಾನೂನಿನ ಬಗ್ಗೆ ಜಾಸ್ತಿ ಗೌರವ.

ಪೀಟರ್‌ಬರೋದಲ್ಲಿ ಫಿಯೋನಾ ಒನಸಾನ್ಯ ಅನ್ನುವ ಸಂಸದೆ ಇದ್ದರು. ಗೆದ್ದಿದ್ದು 607 ವೋಟಿನಿಂದ. ಅತಿವೇಗದ ಕಾರಿನ ಕೇಸಿನಲ್ಲಿ ಪೊಲೀಸರಿಗೆ ಸುಳ್ಳು ಹೇಳಿದ್ದಕ್ಕೆ ಮೂರು ತಿಂಗಳು ಜೈಲು. 2019ರಲ್ಲಿ ಅರ್ಜಿಗೆ 19,261 ಜನ ಸಹಿ ಹಾಕಿದರು, ಸೀಟು ಹೋಯಿತು. ಆದರೆ ಉತ್ತರ ಐರ್ಲೆಂಡಿನ ನಾರ್ತ್ ಆ್ಯಂಟ್ರಿಮ್‌ನಲ್ಲಿ ಬೇರೆಯೇ ಆಯಿತು. ಇಯಾನ್ ಪೇಸ್ಲಿ ಶ್ರೀಲಂಕಾ ಸರ್ಕಾರದ ಖರ್ಚಿನಲ್ಲಿ ರಜೆಗೆ ಹೋಗಿ ಅದನ್ನು ಘೋಷಿಸಿರಲಿಲ್ಲ. 2018ರಲ್ಲಿ ಅರ್ಜಿ ತೆರೆದರು. ಸಹಿ ಹಾಕಿದವರು 7,099. ಇನ್ನು 444 ಸಹಿ ಬಿದ್ದಿದ್ದರೆ ಸಾಕಿತ್ತು. ಅವರ ಸೀಟು ಉಳಿಯಿತು.

ಗಮನಿಸಿ, ಈ ಸಹಿ ಯಾರು ಹಾಕಬಹುದು? ಮತದಾರರ ಪಟ್ಟಿಯಲ್ಲಿ ಹೆಸರು ಇದ್ದವರು ಮಾತ್ರ. ರಾಜಕಾರಣಿಗಳ ನಡತೆ ಬಗ್ಗೆ ವಾಟ್ಸಾಪ್ ಗ್ರೂಪಿನಲ್ಲಿ ಎಷ್ಟೇ ಬೈದರೂ ಆ ಹಾಳೆ ಮೇಲೆ ನಿಮ್ಮ ಸಹಿಗೆ ಜಾಗ ಸಿಗುವುದಿಲ್ಲ.

(ತೆರೆಯ ಮೇಲೆ: ಭಾರತದ ಪಾಸ್‌ಪೋರ್ಟ್)

ಈಗ ನಮ್ಮವರ ವಿಷಯ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನೀವು ಬ್ರಿಟನ್‌ನಲ್ಲಿ ವೋಟು ಹಾಕಬಹುದು. ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕಷ್ಟೇ ಅಲ್ಲ, ಪಾರ್ಲಿಮೆಂಟಿಗೂ. ನಾವು ಕಾಮನ್‌ವೆಲ್ತ್ ದೇಶದವರು. ಸಾಮ್ರಾಜ್ಯದ ಕಾಲದಲ್ಲಿ ಎಲ್ಲರನ್ನೂ ಬ್ರಿಟಿಷ್ ಪ್ರಜೆಗಳು ಅಂತ ಎಣಿಸುತ್ತಿದ್ದರಲ್ಲ, ಆ ಹಕ್ಕು ಹಾಗೇ ಉಳಿದುಕೊಂಡಿದೆ. ನೀವು ಓದಲು ಬಂದಿರಬಹುದು, ನರ್ಸ್ ಆಗಿರಬಹುದು, ಸಾಫ್ಟ್‌ವೇರ್ ಕೆಲಸದಲ್ಲಿರಬಹುದು. ಸರಿಯಾದ ವೀಸಾ ಮೇಲೆ ಅಲ್ಲಿ ವಾಸವಿದ್ದು 18 ತುಂಬಿದ್ದರೆ ಸಾಕು. ಇದರಿಂದ ಭಾರತದ ಪೌರತ್ವ ಹೋಗುವುದಿಲ್ಲ. "ಪೌರತ್ವ ಇಲ್ಲದವರಿಗೆ ವೋಟು ಯಾಕೆ?" ಅಂತ ಬ್ರಿಟನ್‌ನಲ್ಲಿ ಕೇಳುವವರು ಇದ್ದಾರೆ, ಆ ಚರ್ಚೆ ಜೋರಾಗುತ್ತಲೂ ಇದೆ. ನನ್ನ ಅಭಿಪ್ರಾಯ ಕೇಳಿದರೆ, ಅಲ್ಲಿ ದುಡಿದು ತೆರಿಗೆ ಕಟ್ಟುವವರಿಗೆ ಅಲ್ಲಿನ ಸರ್ಕಾರದ ಬಗ್ಗೆ ಮಾತಾಡುವ ಹಕ್ಕು ಇರಲೇಬೇಕು.

ನಾನು ಮ್ಯಾಂಚೆಸ್ಟರ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಕೌನ್ಸಿಲ್‌ನಿಂದ ಒಂದು ಲಕೋಟೆ ಬಂತು. ಮೇಲೆ ಯಾರ ಹೆಸರೂ ಇಲ್ಲ, ಮನೆಯ ವಿಳಾಸ ಅಷ್ಟೇ. ಪಿಜ್ಜಾ ಅಂಗಡಿಯ ಕರಪತ್ರಗಳ ಜೊತೆ ಬಾಗಿಲ ಹಿಂದೆ ಮೂರು ವಾರ ಬಿದ್ದಿತ್ತು. ಒಂದು ಭಾನುವಾರ ಕಸ ಎತ್ತುವಾಗ ಸುಮ್ನೆ ಒಡೆದು ನೋಡಿದೆ. ಈ ಮನೆಯಲ್ಲಿರುವ ಮತದಾರರು ಇವರು ಅಂತ ಎರಡು ಹೆಸರು ಅಚ್ಚಾಗಿತ್ತು. ಇಬ್ಬರೂ ನಮಗಿಂತ ಮೊದಲೇ ಮನೆ ಬಿಟ್ಟು ಹೋದವರು. ಒಳಗೆ ಅನ್ನ ಮಾಡಿಕೊಂಡು ಬದುಕುತ್ತಿದ್ದ ನಾವು ಮೂವರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಆ ದಿನ ಮನಸ್ಸಿಗೆ ನಿಜವಾಗಿಯೂ ಚುಚ್ಚಿತು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಮೊದಲು ಮನೆ ಯಜಮಾನರೇ ಎಲ್ಲರ ಹೆಸರೂ ಬರೆದು ಕಳಿಸುತ್ತಿದ್ದರು. 2014ರಿಂದ ಪ್ರತಿಯೊಬ್ಬರೂ ತಮ್ಮ ಹೆಸರನ್ನು ತಾವೇ ಸೇರಿಸಬೇಕು. ಮನೆ ಬದಲಾಯಿಸಿದರೆ ಮತ್ತೆ ಸೇರಿಸಬೇಕು. ಚುನಾವಣಾ ಆಯೋಗ 2023ರಲ್ಲಿ ಕೊಟ್ಟ ವರದಿ ಪ್ರಕಾರ ಸ್ವಂತ ಮನೆಯ ಸಾಲ ತೀರಿಸಿದವರಲ್ಲಿ ಶೇ. 95 ಜನರ ನೋಂದಣಿ ಸರಿಯಾಗಿದೆ. ಖಾಸಗಿ ಬಾಡಿಗೆದಾರರಲ್ಲಿ ಶೇ. 65 ಮಾತ್ರ. ನಮ್ಮ ಹುಡುಗರು, ಹುಡುಗಿಯರು ಹೆಚ್ಚಿನವರು ಬಾಡಿಗೆಯವರೇ ತಾನೇ?

(ತೆರೆಯ ಮೇಲೆ: ನೋಂದಣಿ ಪುಟ)

ಕೆಲಸ ಐದು ನಿಮಿಷದ್ದು. ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು, ಹುಟ್ಟಿದ ದಿನ, ವಿಳಾಸ, ಯಾವ ದೇಶದವರು ಅಂತ ತುಂಬಿ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ (ಕೆಲಸ, ತೆರಿಗೆ ಲೆಕ್ಕಕ್ಕೆ ಅಲ್ಲಿನ ಸರ್ಕಾರ ಕೊಡುವ ಸಂಖ್ಯೆ) ಹಾಕಿ. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಇದು ಆಗಿರಬೇಕು. ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. 2016ರ ಜೂನ್ 7ರಂದು, ಬ್ರೆಕ್ಸಿಟ್ ಜನಮತಕ್ಕೆ ಹೆಸರು ಸೇರಿಸುವ ಕೊನೇ ರಾತ್ರಿ, ಆ ವೆಬ್‌ಸೈಟೇ ನೂಕುನುಗ್ಗಲಿಗೆ ಕುಸಿದುಬಿತ್ತು. ಆಗ ಗಡುವನ್ನು ಎರಡು ದಿನ ಮುಂದೂಡಿದರು. ಪ್ರತಿ ಸಲ ಹಾಗೆ ಆಗುವುದಿಲ್ಲ.

ಇಂಗ್ಲೆಂಡಿನಲ್ಲಿ 2023ರಿಂದ ಮತಗಟ್ಟೆಯಲ್ಲಿ ಫೋಟೋ ಇರುವ ಗುರುತಿನ ಚೀಟಿ ತೋರಿಸಬೇಕು. ಬೋರಿಸ್ ಜಾನ್ಸನ್ ಸರ್ಕಾರ ತಂದ ನಿಯಮ ಇದು. 2024ರ ಮೇ 2ರಂದು ಅವರೇ ಚೀಟಿ ಮರೆತು ಹೋಗಿ, ವಾಪಸ್ ಬಂದು, ಮತ್ತೆ ಹೋಗಿ ವೋಟು ಹಾಕಿದರು. ಹಿರಿಯರ ಬಸ್ ಪಾಸ್ ನಡೆಯುತ್ತದೆ, ವಿದ್ಯಾರ್ಥಿಗಳ ಕಾಲೇಜು ಐಡಿ ನಡೆಯಲಿಲ್ಲ. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ. ನಿಮಗೆ ಚಿಂತೆ ಬೇಡ, ಭಾರತದ ಪಾಸ್‌ಪೋರ್ಟ್ ಅಲ್ಲಿ ನಡೆಯುತ್ತದೆ. 2025ರ ಜುಲೈನಲ್ಲಿ ಸರ್ಕಾರ ಹೊಸ ಯೋಜನೆ ಪ್ರಕಟಿಸಿತು: ವೋಟಿನ ವಯಸ್ಸು 16ಕ್ಕೆ ಇಳಿಸುವುದು, ಬ್ಯಾಂಕ್ ಕಾರ್ಡನ್ನೂ ಒಪ್ಪುವುದು, ನೋಂದಣಿ ಆದಷ್ಟು ತಾನಾಗಿಯೇ ಆಗುವಂತೆ ಮಾಡುವುದು.

ಅಲ್ಲಿಯವರೆಗೆ ಬಾಗಿಲ ಹಿಂದೆ ಕೌನ್ಸಿಲ್ ಲಕೋಟೆ ಬಿದ್ದಿದೆಯಾ ನೋಡಿ. ಇದ್ದರೆ ಇವತ್ತೇ ಒಡೆಯಿರಿ. ಒಳಗೆ ಯಾರ ಹೆಸರು ಇತ್ತು ಅಂತ ಕಾಮೆಂಟಿನಲ್ಲಿ ಹೇಳಿ.